ಭಾವನ ಕಾರಿಗೆ ಬಟ್ಟೆಯ ಟಾಪ್

ಕಾರಿನ ಟಾಪ್ ಕೊಯ್ಯುವ ದಿನ ನಮ್ಮ ಭಾವ ಒಂದು ಲೋಟ ಟೀಯನ್ನೂ ಮುಟ್ಟಲಿಲ್ಲ. ನನ್ನ ವರ್ಕ್‌ಶಾಪಿನ ಮೂಲೆಯಲ್ಲಿ ಕಾಲು ಮುರಿದ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಕೊಂಡು ಕೂತಿದ್ದರು. ನಲವತ್ತೆರಡು ವರ್ಷದ ಹಸಿರು ಕಾರು ಅದು. ಎರಡು ಬಾಗಿಲು, ಉದ್ದ ಮೂತಿ, ಒಂದು ಗೀರೂ ಇಲ್ಲದ ಕಬ್ಬಿಣದ ಟಾಪ್. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದಗಳ ಮೇಲೆ ಮುದ್ರೆ ಒತ್ತಿ ನಿವೃತ್ತರಾದ ಮನುಷ್ಯ ಬದುಕಿನಲ್ಲಿ ತಾನಾಗಿ ಆರಿಸಿಕೊಂಡದ್ದು ಅದೊಂದನ್ನೇ. ನನ್ನ ಅಕ್ಕನನ್ನು ಕೂಡ ಅವರಮ್ಮ ಆರಿಸಿದ್ದು.

"ಕೊಯ್ಯಲೇಬೇಕಾ?" ಎಂದು ಮೂರನೇ ಸಲ ಕೇಳಿದರು.

"ಅಕ್ಕನ ಕಣ್ಣು ಬೇಕೋ ಟಾಪ್ ಬೇಕೋ, ಅದನ್ನ ಹೇಳ್ಬಿಡಿ ಭಾವ," ಎಂದೆ.

ನನ್ನ ಬಾಯಿ ಅಂಥದ್ದು. ಕಾರಿನ ಸೀಟು, ಲಾರಿಯ ಟಾರ್ಪಾಲು, ಅಂಗಡಿಗಳ ಮುಂದಿನ ಬಿಸಿಲುಪರದೆ ಹೊಲಿಯುವುದು ನನ್ನ ಕಸುಬು. ದಪ್ಪ ಬಟ್ಟೆಗೆ ದಪ್ಪ ಸೂಜಿಯೇ ಬೇಕು. ಭಾವ ತಲೆ ತಗ್ಗಿಸಿದರು. ಪಾಪ ಅನ್ನಿಸಿತು, ಆದರೆ ಆಡಿದ ಮಾತನ್ನು ವಾಪಸ್ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ.

ಅಕ್ಕನ ಕಥೆ ಹೇಳಬೇಕು. ಅವಳು ಒಂದು ದೊಡ್ಡ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಆರು ಮಹಡಿಯ ಜನಕ್ಕೆಲ್ಲ ಅವಳ ಮುಖಕ್ಕಿಂತ ದನಿ ಪರಿಚಯ. ಮೂರು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ, ಎಲ್ಲರೂ ಮನೆಗೆ ಹೋದ ಮೇಲೆ, ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಇವಳೊಬ್ಬಳೇ. ಐದು ಗಂಟೆ ಹೊತ್ತು ಕೂಗಿದಳು, ತಗಡಿನ ಗೋಡೆಗೆ ಗುದ್ದಿದಳು. ಕಾವಲುಗಾರ ಬಂದು ಬಾಗಿಲು ತೆರೆಸಿದಾಗ ಅವಳ ಗೆಣ್ಣುಗಳ ಚರ್ಮ ಸುಲಿದು ಹೋಗಿತ್ತು. ಅಂದಿನಿಂದ ಅವಳು ಲಿಫ್ಟ್ ಹತ್ತಿಲ್ಲ, ಬಸ್ಸು ಹತ್ತಿಲ್ಲ, ಕಾರು ಹತ್ತಿಲ್ಲ. ಮನೆಯ ಯಾವ ಬಾಗಿಲಿಗೂ ಚಿಲಕ ಹಾಕಬಾರದು. ಸ್ನಾನಕ್ಕೆ ಹೋದರೆ ಬಾಗಿಲು ಓರೆಯಾಗಿಯೇ ಇರಬೇಕು, ಹೊರಗೆ ಭಾವ ಕೆಮ್ಮುತ್ತಾ ಕಾವಲಿರಬೇಕು.

ಇದನ್ನೆಲ್ಲ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದೆವು. ಆದರೆ ಕಣ್ಣಿನ ಒತ್ತಡ ಅವಳ ಎಡಗಣ್ಣನ್ನು ನುಂಗಿತು. ಈಗ ಬಲಗಣ್ಣಿಗೆ ಕೈಹಾಕಿತ್ತು. ಆಪರೇಷನ್ ಮಾಡುವ ಆಸ್ಪತ್ರೆ ನೂರಿಪ್ಪತ್ತು ಕಿಲೋಮೀಟರ್ ದೂರ. ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ತಪ್ಪಿತು. ಮೊದಲನೇ ಸಲ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದುಬಿಟ್ಟಳು. ಎರಡನೇ ಸಲ ಡಾಕ್ಟರು ಕೊಟ್ಟ ನಿದ್ದೆ ಮಾತ್ರೆ ನುಂಗಿಸಿ ವ್ಯಾನಿನಲ್ಲಿ ಮಲಗಿಸಿದೆವು. ಅರ್ಧ ದಾರಿಯಲ್ಲಿ ಎಚ್ಚರವಾಗಿ, ಓಡುತ್ತಿದ್ದ ವ್ಯಾನಿನ ಬಾಗಿಲು ತೆರೆದಳು. ನಾನು ಅವಳ ಸೊಂಟ ಹಿಡಿದುಕೊಳ್ಳದಿದ್ದರೆ ಆವತ್ತೇ ಮುಗಿಯುತ್ತಿತ್ತು. "ಇದು ಕೊನೇ ದಿನ, ಇದೂ ತಪ್ಪಿದರೆ ನನ್ನ ಕೈಯಲ್ಲಿಲ್ಲ," ಎಂದು ಡಾಕ್ಟರು ಮುಂದಿನ ತಿಂಗಳ ಮೂರನೇ ತಾರೀಖು ಬರೆದುಕೊಟ್ಟರು. ಅದು ಸೋಮವಾರ.

ಸ್ಕೂಟರಿನ ಹಿಂದೆ ಕೂರಿಸೋಣವೆಂದರೆ ಅವಳ ಸೊಂಟದ ಕೀಲು ಹಾಳಾಗಿದೆ. ಜೀಪಿನ ಎತ್ತರ ಹತ್ತಲಾರಳು. ಹೋಗುವಾಗ ತೆರೆದ ಗಾಡಿಯಾದರೂ ನಡೆದೀತು, ಬರುವಾಗ ಆಪರೇಷನ್ ಆದ ಕಣ್ಣಿಗೆ ಗಾಳಿ, ಧೂಳು, ಕುಲುಕಾಟ ಯಾವುದೂ ತಾಗಬಾರದು ಎಂದಿದ್ದರು ಡಾಕ್ಟರು. ಅಂದರೆ ತೆರೆಯಲೂ ಬೇಕು, ಮುಚ್ಚಲೂ ಬೇಕು, ಕೆಳಮಟ್ಟದಲ್ಲಿರಬೇಕು, ಮೆತ್ತಗೆ ಓಡಬೇಕು.

ಒಂದು ಸಂಜೆ ಅಕ್ಕ ನನ್ನ ವರ್ಕ್‌ಶಾಪಿಗೆ ಬಂದಿದ್ದಾಗ ಜೋರು ಮಳೆ ಹಿಡಿಯಿತು. ಮುಂದಿನ ಕ್ಯಾನ್ವಾಸ್ ಪರದೆಯನ್ನು ಮೂರೂ ಕಡೆ ಇಳಿಬಿಟ್ಟು ಕಟ್ಟಿದೆ. ಒಂದು ಗಂಟೆ ಹೊತ್ತು ಅದರೊಳಗೆ ಕೂತು ಅವಳು ಕಚೇರಿಯ ಹಳೆ ಕಥೆಗಳನ್ನು ಹೇಳಿದಳು. ಮುಚ್ಚಿದ ಜಾಗದಲ್ಲಿದ್ದೇನೆ ಎಂಬುದು ಅವಳಿಗೆ ನೆನಪೇ ಇರಲಿಲ್ಲ. ನಾನೇ ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ, ಭಯವಾಗಲಿಲ್ಲವೇ ಎಂದು ಕೇಳಿದೆ.

"ಬಟ್ಟೆ ತಾನೇ?" ಎಂದಳು ಅಕ್ಕ.

ಮರುದಿನವೇ ಭಾವನ ಕಾರಿನ ಟಾಪಿನ ಅಳತೆ ತೆಗೆದುಕೊಂಡೆ.

ಟಾಪ್ ಕೊಯ್ಯಲು ಬಂದವನು ಮಿಲಿಮೀಟರ್ ಮೇಸ್ತ್ರಿ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಒಂದು ಕೂದಲೆಳೆ ಆಚೀಚೆಯಾದರೂ ಬೆಸುಗೆ ಕಿತ್ತು ಮತ್ತೆ ಹಾಕುವ ಆಸಾಮಿ. ಗ್ರೈಂಡರ್ ಹಿಡಿಯುವ ಮೊದಲು ನನ್ನನ್ನೂ ಭಾವನನ್ನೂ ಮುಂದೆ ನಿಲ್ಲಿಸಿಕೊಂಡ.

"ಟಾಪ್ ಅಂದ್ರೆ ಬರೀ ಮುಚ್ಚಳ ಅಲ್ಲಮ್ಮ. ಕಾರಿನ ಮೈ ಗಟ್ಟಿಯಾಗಿ ನಿಂತಿರೋದೇ ಅದ್ರಿಂದ. ಅದನ್ನ ತೆಗೆದ್ರೆ ನಡುವಲ್ಲಿ ಕುಸಿಯುತ್ತೆ, ಬಾಗಿಲು ಕಚ್ಕೊಳ್ಳುತ್ತೆ. ಅದಕ್ಕೇ ಮೊದ್ಲು ಎರಡೂ ಬಾಗಿಲ ಜಾಗಕ್ಕೆ ಅಡ್ಡ ಪೈಪ್ ಬೆಸೀತೀನಿ. ಆಮೇಲೆ ಕೊಯ್ಯೋದು. ಆಮೇಲೆ ಬಾಗಿಲ ಕೆಳಗೆ ಉದ್ದಕ್ಕೂ ದಪ್ಪ ತಗಡು ಕೂರಿಸ್ತೀನಿ. ಆ ತಗಡು ಪೂರ್ತಿ ಬೆಸೆಯೋವರೆಗೂ ಪೈಪ್ ಯಾರೂ ಮುಟ್ಟೋ ಹಾಗಿಲ್ಲ. ಯಾರೂ ಅಂದ್ರೆ ಯಾರೂ."

ಕೊನೆಯ ಮಾತನ್ನು ಅವನು ನನ್ನ ಮುಖ ನೋಡಿಯೇ ಹೇಳಿದ. ನನಗೆ ಮೈ ಉರಿಯಿತು.

ಗುರುವಾರ ಟಾಪ್ ಹೋಯಿತು. ಗ್ರೈಂಡರಿನ ಕಿಡಿ ಹಾರುತ್ತಿದ್ದಷ್ಟು ಹೊತ್ತೂ ಭಾವ ಗೋಡೆ ಕಡೆ ಮುಖ ಮಾಡಿಕೊಂಡಿದ್ದರು. ಟಾಪನ್ನು ನಾನೂ ಮೇಸ್ತ್ರಿಯೂ ಎತ್ತಿ ನೆಲಕ್ಕಿಟ್ಟ ಮೇಲೆ ಬಂದು ಅದನ್ನೊಮ್ಮೆ ಕೈಯಿಂದ ಸವರಿ ಮನೆಗೆ ಹೋದರು. ಗುಜರಿಯಲ್ಲಿ ಸಿಕ್ಕ ಬೇರೊಂದು ಕಾರಿನ ಮಡಚುವ ಕಮಾನುಗಳನ್ನು ಮೇಸ್ತ್ರಿ ಶುಕ್ರವಾರ ಕೂರಿಸಿದ. ಬಾಗಿಲ ಕೆಳಗಿನ ತಗಡಿಗೆ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಇನ್ನಷ್ಟು ದಪ್ಪ ತಗಡು ತರಲು ಶನಿವಾರ ಪಕ್ಕದ ಊರಿಗೆ ಹೋದ. ಸೋಮವಾರ ಬರುವುದಾಗಿ ಹೇಳಿದ್ದ; ಅದರ ಮುಂದಿನ ಸೋಮವಾರ ಆಪರೇಷನ್.

ನಾನು ಭಾನುವಾರ ಒಬ್ಬಳೇ ವರ್ಕ್‌ಶಾಪಿನಲ್ಲಿ ನಿಂತಿದ್ದೆ. ಕ್ಯಾನ್ವಾಸ್ ಕತ್ತರಿಸಬೇಕೆಂದರೆ ಬಾಗಿಲು ಮುಚ್ಚಿರಬೇಕು, ಗಾಜು ಮೇಲೆ ಬಂದಿರಬೇಕು. ಗಾಜಿನ ನೆತ್ತಿಯ ಗೆರೆಯೇ ನನ್ನ ಬಟ್ಟೆಯ ಅಂಚು. ಪೈಪ್ ಅಡ್ಡ ಇದ್ದರೆ ಬಾಗಿಲು ಮುಚ್ಚುವುದಿಲ್ಲ. ಮೇಸ್ತ್ರಿ ಬಂದು, ತಗಡು ಬೆಸೆದು, ಪೈಪ್ ಬಿಚ್ಚುವಷ್ಟರಲ್ಲಿ ಬುಧವಾರ. ಶುಕ್ರವಾರ ಅಕ್ಕನನ್ನು ಕೂರಿಸಿ ನೋಡುವುದೆಂದು ಗೊತ್ತಾಗಿತ್ತು, ಅಲ್ಲಿಗೆ ನನಗೆ ಉಳಿಯುವುದು ಎರಡು ದಿನ. ಎರಡು ದಿನದಲ್ಲಿ ಮಳೆ ಸೋರದ ಟಾಪ್ ಹೊಲಿಯಲು ನನಗೇನು ನಾಲ್ಕು ಕೈ ಇದೆಯೇ? ಅಕ್ಕನ ಕಣ್ಣಿಗಿಂತ ಈ ಮೇಸ್ತ್ರಿಯ ಮಿಲಿಮೀಟರ್ ದೊಡ್ಡದೇ?

ಸೀಟಿನ ಚೌಕಟ್ಟು ಬೆಸೆದು ನನಗೂ ಅಷ್ಟಿಷ್ಟು ಕೈ ಪಳಗಿದೆ. ಗ್ರೈಂಡರ್ ತೆಗೆದುಕೊಂಡೆ. ಎರಡೂ ಕಡೆಯ ಪೈಪ್ ಕೊಯ್ದೆ. ಕೊನೆಯ ಪೈಪ್ ಬಿಟ್ಟುಕೊಂಡಾಗ ಕಾರಿನೊಳಗಿಂದ ಸಣ್ಣದೊಂದು ನರಳಿಕೆ ಕೇಳಿತು, ಮುದುಕರು ಕುರ್ಚಿಯಲ್ಲಿ ಕೂರುವಾಗ ಬರುತ್ತದಲ್ಲ, ಹಾಗೆ. ನಿಂತು ನೋಡಿದೆ. ಏನೂ ಕಾಣಲಿಲ್ಲ. ಬಾಗಿಲು ಮುಚ್ಚಿ, ಗಾಜು ಏರಿಸಿ, ಕಾಗದದ ಮೇಲೆ ಅಚ್ಚು ತೆಗೆದುಕೊಂಡೆ. ಸಂಜೆಯೊಳಗೆ ಪೈಪುಗಳನ್ನು ಇದ್ದಲ್ಲಿಗೇ ಬೆಸೆದು, ಮೇಲೆ ಗ್ರೀಸು ಮಣ್ಣು ಸವರಿ, ಕಳ್ಳಿಯ ಹಾಗೆ ಮನೆಗೆ ಬಂದೆ.

ಮೇಸ್ತ್ರಿ ಬಂದವನು ತಗಡು ಪೂರ್ತಿ ಬೆಸೆದು, ಬುಧವಾರ ಪೈಪ್ ಬಿಚ್ಚಿದ. ಬಾಗಿಲು ಹಾಕಿದರೆ ಬಿಗಿ. ಕೈಕೊಟ್ಟು ಸ್ವಲ್ಪ ಎತ್ತಿ ತಳ್ಳಬೇಕಾಗಿತ್ತು. ಅವನು ಹುಬ್ಬು ಗಂಟಿಕ್ಕಿದ. ಹಾಳೆಯೊಂದನ್ನು ಬಾಗಿಲ ಸಂದಿಯಲ್ಲಿ ಎಳೆದ. ಮೇಲೆ ಸಿಕ್ಕಿಕೊಂಡಿತು.

"ಇದು ಹೇಗೆ ಬಂತು?" ಎಂದ. "ಪೈಪ್ ಇತ್ತಲ್ಲ."

ಆಗಲೇ ಹೇಳಬಹುದಿತ್ತು. ಬಾಯಿಬಡುಕಿ ಎಂದು ಊರೇ ಕರೆಯುವ ನಾನು ದಾರ ಪೋಣಿಸುತ್ತಾ ತೆಪ್ಪಗಿದ್ದೆ. ಕಾರು ಆ ಭಾನುವಾರ ಒಂದಿಷ್ಟು ಕುಸಿದಿತ್ತು, ಆ ಕುಸಿದ ಮೈಗೇ ಇವನು ಗಟ್ಟಿ ಬೆಸುಗೆ ಹಾಕಿದ್ದ. ನನಗೆ ಅದು ಅರ್ಥವಾಗಿತ್ತು. ಅವನು ಅರದಿಂದ ಬಾಗಿಲ ಅಂಚು ಉಜ್ಜಿದ. ಹಾಳೆ ಜಾರಿತು. ಆದರೂ ಅವನ ಮುಖದ ಗಂಟು ಬಿಡಿಸಿಕೊಳ್ಳಲಿಲ್ಲ.

ಟಾಪ್ ಮಾತ್ರ ನಾನು ಹೊಲಿದವುಗಳಲ್ಲೇ ಚೆನ್ನಾಗಿತ್ತು. ಎರಡು ಪದರ ಕಪ್ಪು ಕ್ಯಾನ್ವಾಸ್, ಹಿಂದೆ ಸಣ್ಣ ಕಿಟಕಿ, ಸುಕ್ಕಿಲ್ಲದ ಹೊಲಿಗೆ. ಮುಂದಿನ ಗಾಜಿನ ಚೌಕಟ್ಟಿಗೆ ಒಳಗಿನಿಂದ ಎರಡು ಕೊಕ್ಕೆ ಸಿಕ್ಕಿಸಿದರೆ ಗಾಳಿಯೂ ನುಗ್ಗದು.

ಶುಕ್ರವಾರ ಬೆಳಿಗ್ಗೆ ಅಕ್ಕ ಬಂದಳು. ಮೊದಲು ಟಾಪ್ ಮಡಚಿಯೇ ಕೂತಳು. ಭಾವ ವರ್ಕ್‌ಶಾಪಿನ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರು. ಅಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಆದರೆ ಇಳಿಯಲಿಲ್ಲ.

"ಈಗ ಮುಚ್ಚು," ಎಂದಳು ನನ್ನ ಕಡೆ ನೋಡದೆ. "ಗಾಜೂ ಏರಿಸ್ರೀ. ಬರುವಾಗ ಹೇಗಿರುತ್ತೋ ಹಾಗೇ ಇರ್ಲಿ."

ಕಮಾನು ಎಳೆದು ಟಾಪ್ ಮುಚ್ಚಿದೆವು. ಭಾವ ಕೊಕ್ಕೆ ಹಾಕಿದರು. ಅಂಗಳದಿಂದ ಬೀದಿಗೆ ಇಳಿಯುವ ಕಡೆ ಚರಂಡಿಯ ಮೇಲೆ ಚಪ್ಪಡಿ ಹಾಸಿದೆ. ಭಾವ ನಿಧಾನವಾಗಿಯೇ ಇಳಿಸಿದರು. ನಾನು ಹಿಂದೆಯೇ ನಡೆಯುತ್ತಿದ್ದೆ. ಬಲಗಡೆಯ ಮುಂದಿನ ಚಕ್ರದ ಕೆಳಗೆ ಚಪ್ಪಡಿ ಮುರಿಯಿತು. ಕಾರು ಓರೆಯಾಗಿ ಕುಕ್ಕರಿಸಿತು, ಹಿಂದಿನ ಎಡ ಚಕ್ರ ನೆಲ ಬಿಟ್ಟು ಎದ್ದಿತು. ಎಲ್ಲೋ ಒಳಗೆ ಕಟಕ್ ಎಂದಿತು. ಆ ಸದ್ದು ಏನೆಂದು ಆ ಬೀದಿಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಭಾವ ಬಾಗಿಲ ಹಿಡಿ ಜಗ್ಗಿದರು. ಬರಲಿಲ್ಲ. ಭುಜ ಕೊಟ್ಟು ಗುದ್ದಿದರು. ಅಕ್ಕನ ಕಡೆಯ ಬಾಗಿಲನ್ನು ನಾನು ಹೊರಗಿನಿಂದ ಎಳೆದೆ, ಗೋಡೆಯನ್ನು ಎಳೆದ ಹಾಗಿತ್ತು. ಗಾಜು ಇಳಿಸಲು ಹೋದರೆ ಅದೂ ಕಚ್ಚಿಕೊಂಡಿತ್ತು, ಭಾವನ ಕೈಯಲ್ಲಿ ತಿರುಗಿಸುವ ಹಿಡಿಯೇ ಕಿತ್ತು ಬಂತು.

"ಬಾಗಿಲು ಬರ್ತಿಲ್ಲ! ಕೊಕ್ಕೇನೂ ಬರ್ತಿಲ್ಲ! ಯಾರಾದ್ರೂ ತೆಗೀರೋ!" ಎಂದು ಭಾವ ಕಿರುಚಲು ಶುರುಮಾಡಿದರು. ಮೂರು ವರ್ಷ ಹೆಂಡತಿಗೆ ಧೈರ್ಯ ಹೇಳಿದ ಗಂಡಸು ಇವರು.

ಅಕ್ಕನ ದನಿ ಇರಲಿಲ್ಲ. ಗಾಜಿನೊಳಗಿಂದ ಅವಳ ಮುಖ ಬಿಳಿಚಿಕೊಂಡು ಕಂಡಿತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಆಮೇಲೆ ಅವಳು ಎರಡೂ ಕೈ ಎತ್ತಿ ಟಾಪಿಗೆ ಗುದ್ದಿದಳು. ನನ್ನ ಕ್ಯಾನ್ವಾಸಿನ ಮೇಲೆ ಎರಡು ಮುಷ್ಟಿಗಳು ಉಬ್ಬಿ ಬಂದವು, ಮತ್ತೆ ಇಳಿದವು. ಮತ್ತೆ ಉಬ್ಬಿದವು.

ಮೇಸ್ತ್ರಿ ಸುತ್ತಿಗೆ ಹಿಡಿದು ಓಡಿ ಬಂದ. "ಗಾಜು ಒಡೀತೀನಿ!"

"ಚೂರು ಹಾರಿ ಇರೋ ಒಂದು ಕಣ್ಣೂ ಹೋಗುತ್ತೆ ಕಣೋ! ಜಾಕ್ ತಗೊಂಡ್ ಬಾ!" ಎಂದು ಕೂಗಿ, ಸೊಂಟದಲ್ಲಿದ್ದ ಬಟ್ಟೆ ಕೊಯ್ಯುವ ಬ್ಲೇಡು ತೆಗೆದುಕೊಂಡು ಕಾರಿನ ಹಿಂಭಾಗ ಹತ್ತಿದೆ. ಉಬ್ಬಿ ಬರುತ್ತಿದ್ದ ಮುಷ್ಟಿಯ ಮೇಲೆ ಅಂಗೈ ಇಟ್ಟೆ. ಅದು ಅಲ್ಲೇ ನಿಂತಿತು. ಬಟ್ಟೆಯೊಳಗಿಂದ ಅದರ ಬಿಸಿ ತಾಗಿತು.

"ಅಕ್ಕಾ, ನಾನು. ತಲೆ ತಗ್ಗಿಸಿ ಕಣ್ಣು ಮುಚ್ಕೋ. ಟಾಪ್ ಹರೀತೀನಿ."

ಆಮೇಲೆ, ಕಿವಿಯ ಪಕ್ಕದಲ್ಲೇ ಎಂಬಂತೆ, ಅವಳ ದನಿ. "ನಾನು ಮಾತಾಡೋದು ನಿನಗೆ ಕೇಳಿಸ್ತಿದೆಯಾ?"

"ಕೇಳಿಸ್ದೆ ಏನು? ಇಲ್ಲೇ ಇದೀನಲ್ಲ."

"ಲಿಫ್ಟಲ್ಲಿ ಯಾರಿಗೂ ಕೇಳಿಸ್ಲಿಲ್ಲ ಕಣೇ." ಅವಳು ಏದುಸಿರು ಬಿಡುತ್ತಿದ್ದಳು. ಪ್ರತಿ ಉಸಿರೂ ನನಗೆ ಕೇಳುತ್ತಿತ್ತು. "ಹರೀಬೇಡ. ಹರಿದ್ರೆ ಸೋಮವಾರ ಹೇಗೆ ಹೋಗೋದು? ಎಷ್ಟು ಹೊತ್ತು ಬೇಕಂತೆ?"

"ಹತ್ತು ನಿಮಿಷ!" ಎಂದ ಮೇಸ್ತ್ರಿ ಚರಂಡಿಯೊಳಗಿಂದ. ಅವನು ಮುರಿದ ಚಪ್ಪಡಿಯ ಚೂರುಗಳನ್ನು ಎತ್ತಿ ಎಸೆಯುತ್ತಿದ್ದ.

"ನೀನು ಮಾತಾಡ್ತಾ ಇರು," ಎಂದಳು ಅಕ್ಕ. "ನಿಲ್ಲಿಸ್ಬೇಡ. ನಾನು ಹರಿ ಅಂದ ತಕ್ಷಣ ಹರಿ. ರೀ, ನೀವು ಸ್ವಲ್ಪ ಬಾಯ್ಮುಚ್ಚಿ ಕೂತ್ಕೊಳ್ಳಿ."

ಭಾವ ಬಾಯಿ ಮುಚ್ಚಿದರು. ನಾನು ಬ್ಲೇಡಿನ ಮೊನೆಯನ್ನು ಹೊಲಿಗೆಯ ಮೇಲೆ ಇಟ್ಟುಕೊಂಡೇ ಮಾತಾಡಿದೆ. ಬಾಯಿಗೆ ಬಂದದ್ದೆಲ್ಲ ಆಡಿದೆ. ಮೇಸ್ತ್ರಿ ಚರಂಡಿಯಲ್ಲಿ ಮೊಣಕಾಲವರೆಗೆ ಇಳಿದಿದ್ದಾನೆ ಎಂದೆ. ಜಾಕ್ ಕೆಳಗೆ ಮರದ ತುಂಡು ಇಡುತ್ತಿದ್ದಾನೆ ಎಂದೆ. ಜಾಕ್ ಜಾರಿತು. ಕಾರು ಒಮ್ಮೆ ಅದುರಿತು. ಒಳಗೆ ಅಕ್ಕ ಸಣ್ಣಗೆ ಚೀರಿದಳು.

"ಮಾತಾಡೇ!"

ನನ್ನ ತಲೆ ಖಾಲಿಯಾಗಿತ್ತು. ಐವತ್ತಮೂರು ವರ್ಷ ಒಂದು ದಿನವೂ ಬಾರದ ಮಾತಿನ ಬರ ಆ ಹೊತ್ತಿಗೆ ಬಂದಿತ್ತು. ಮನಸ್ಸಿನಲ್ಲಿ ಇದ್ದದ್ದು ಒಂದೇ ವಿಷಯ. ಅದೇ ಬಂತು.

"ಅಕ್ಕಾ, ಇದು ನಾನು ಮಾಡಿದ್ದು. ಮೇಸ್ತ್ರಿ ಪೈಪ್ ಮುಟ್ಬೇಡ ಅಂದಿದ್ದ. ಅವನು ಇಲ್ಲದಿದ್ದಾಗ ನಾನೇ ಕೊಯ್ದೆ. ಅಚ್ಚು ತಗೊಂಡು ಮತ್ತೆ ಅಂಟಿಸ್ದೆ. ಅಷ್ಟರಲ್ಲಿ ಕಾರು ಕುಸಿದಿತ್ತು. ಬುಧವಾರವೇ ನನಗೆ ಗೊತ್ತಾಯ್ತು. ಹೇಳ್ಲಿಲ್ಲ."

ಚರಂಡಿಯೊಳಗೆ ಜಾಕಿನ ಸದ್ದು ನಿಂತಿತು. ಮೇಸ್ತ್ರಿ ತಲೆ ಎತ್ತಿ ನನ್ನನ್ನು ನೋಡಿದ. ಮತ್ತೆ ಜಾಕ್ ಒತ್ತತೊಡಗಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನನ್ನ ಅಂಗೈ ಕೆಳಗಿದ್ದ ಮುಷ್ಟಿ ಸರಿದು ಹೋಗಿತ್ತು. "ಅಕ್ಕಾ? ಅಕ್ಕಾ, ಹರೀಲಾ?" ಎಂದೆ. ಬ್ಲೇಡು ಒತ್ತಿ ಹೊಲಿಗೆಯ ಒಂದು ಎಳೆ ಪಟ್ಟೆಂದಿತು.

"ಯಾಕೆ ಹೇಳ್ಲಿಲ್ಲ?" ಎಂದಳು.

"ಸೋಮವಾರ ತಪ್ಪಿಹೋಗುತ್ತೆ ಅಂತ." ಆಮೇಲೆ ಅದೂ ಸುಳ್ಳೆನ್ನಿಸಿತು. "ಅದಲ್ಲ. ಮೇಸ್ತ್ರಿ ಎದುರು ತಲೆ ತಗ್ಗಿಸ್ಬೇಕಲ್ಲ ಅಂತ."

"ರೋಡಲ್ಲಿ, ಐವತ್ತು ಕಿಲೋಮೀಟರ್ ಆದ್ಮೇಲೆ, ಹೀಗೆ ಆಗಿದ್ರೆ? ಬೆಂಕಿ ಹತ್ಕೊಂಡಿದ್ರೆ?"

ಅಕ್ಕನ ಕಣ್ಣು ಉಳಿಸುತ್ತೇನೆಂದು ಹೊರಟವಳು ಅವಳನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಅಳು ಒತ್ತಿಕೊಂಡು ಬಂತು, ತಡೆಯಲು ನೋಡಲಿಲ್ಲ.

"ತಪ್ಪಾಯ್ತು ಅಕ್ಕಾ," ಎಂದೆ.

ಒಳಗಿನ ಏದುಸಿರು ಸ್ವಲ್ಪ ನಿಧಾನವಾಗಿತ್ತು. "ಏನಂದೆ?"

"ತಪ್ಪಾಯ್ತು ಅಂದೆ."

"ಸರಿಯಾಗಿ ಕೇಳಿಸ್ತಿಲ್ಲ. ಇನ್ನೊಂದ್ಸಲ ಹೇಳು."

"ತಪ್ಪಾಯ್ತು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಎದುರು ಮನೆಯ ಕಿಟಕಿ ತೆರೆಯಿತು.

"ನೋಡ್ರೀ," ಎಂದಳು ಅಕ್ಕ ಭಾವನಿಗೆ. ದನಿ ಇನ್ನೂ ನಡುಗುತ್ತಿತ್ತು. "ಇವಳು ಹುಟ್ಟಿದಾಗಿಂದ ಕಾಯ್ತಾ ಇದ್ದೆ. ಇದನ್ನ ಕೇಳೋಕೆ ನಾನು ಇದರೊಳಗೆ ಸಿಕ್ಕಾಕ್ಕೊಬೇಕಾಯ್ತು."

ಕಾರು ಒಂದು ಸಲ ನರಳಿ ನೇರವಾಯಿತು. ಭಾವನ ಬಾಗಿಲು ತಾನಾಗಿ ಬಿಟ್ಟುಕೊಂಡಿತು, ಅವರು ಉರುಳಿಕೊಂಡೇ ಹೊರಬಂದು ರಸ್ತೆಯ ಮೇಲೆ ಕೂತರು. ನಾನು ಇಳಿದು ಅಕ್ಕನ ಬಾಗಿಲು ಎಳೆದೆ. ಅವಳ ಸೀರೆ ಬೆವರಿನಿಂದ ಒದ್ದೆಯಾಗಿತ್ತು. ಕೈ ಚಾಚಿದೆ. ಅವಳು ನನ್ನ ಕೈ ಹಿಡಿದುಕೊಂಡಳು, ಇಳಿಯಲಿಲ್ಲ.

"ಮೇಸ್ತ್ರಿ," ಎಂದಳು, "ಸೋಮವಾರದೊಳಗೆ ಇದು ಸರಿಯಾಗುತ್ತಾ?"

ಮೇಸ್ತ್ರಿ ಚರಂಡಿಯಿಂದ ಮೇಲೆ ಬಂದು ಬಾಗಿಲ ಸಂದಿಯಲ್ಲಿ ಬೆರಳಾಡಿಸಿದ. "ಕೆಳಗಿನ ಬೆಸುಗೆ ಪೂರ್ತಿ ಕಿತ್ತು, ಮೈ ಎತ್ತಿ ನಿಲ್ಲಿಸಿ, ಮತ್ತೆ ಹಾಕ್ಬೇಕು. ಎರಡು ದಿನ, ಎರಡು ರಾತ್ರಿ. ಆಗುತ್ತೆ." ನನ್ನ ಕಡೆ ತಿರುಗಿದ. "ಪೈಪ್ ಹಿಡ್ಕೊಳ್ಳೋಕೆ ಜನ ಬೇಕು. ಕೊಯ್ಯೋಕಲ್ಲ."

"ಬರ್ತೀನಿ," ಎಂದೆ. ಇನ್ನೇನು ಹೇಳಲಿ?

"ಹಾಗಾದ್ರೆ ಬಾಗಿಲು ಹಾಕು," ಎಂದಳು ಅಕ್ಕ.

"ಈಗಲಾ? ಬೇಡ ಅಕ್ಕಾ. ಇಳಿ, ನೀರು ಕುಡಿ."

"ಈಗ ಇಳಿದ್ರೆ ಮತ್ತೆ ನಾನು ಹತ್ತಲ್ಲ ಕಣೇ. ನನ್ನನ್ನ ನಾನು ಬಲ್ಲೆ. ಹಾಕು. ಅಲ್ಲೇ ನಿಂತ್ಕೋ, ಮಾತಾಡ್ತಾ ಇರು."

ಅಷ್ಟು ಹಗುರಾದ ಬಾಗಿಲನ್ನು ನಾನು ಯಾವತ್ತೂ ಅಷ್ಟು ಕಷ್ಟಪಟ್ಟು ಮುಚ್ಚಿರಲಿಲ್ಲ. ಮುಚ್ಚಿದೆ. ಗಾಜಿಗೆ ಬಾಯಿ ಹತ್ತಿರ ತಂದು, ಏನು ಮಾತಾಡಲಿ ಎಂದು ಕೇಳಿದೆ.

"ಇನ್ನೂ ಏನೇನು ಮುಚ್ಚಿಟ್ಟಿದೀಯೋ ಎಲ್ಲಾ ಹೇಳು," ಎಂದಳು ಅಕ್ಕ ಒಳಗಿನಿಂದ. "ನನಗೇನೂ ಅವಸರ ಇಲ್ಲ."